ಹಿಂದೆ, ಎಡಕ್ಕೆ: ಹೆಣ್ಣು

ಬೆನ್ನ ಹಿಂದೆ, ಎಡಮೂಲೆಯಲ್ಲಿ ಯಾರೋ ಉಸಿರೆಳೆದುಕೊಂಡರು, ಹಾಡು ಎತ್ತುವ ಮೊದಲಿನ ಉಸಿರು, ರುದ್ರಮುನಿ ತಿರುಗಿ ನೋಡಿಯೇಬಿಟ್ಟ, ಅಲ್ಲೇನಿದೆ, ಸ್ಟೂಲಿನ ಮೇಲೊಂದು ಸ್ಪೀಕರ್, ಅದರ ನೆತ್ತಿಗೆ ಯಾವುದೋ ಮದುವೆಯಿಂದ ಬಂದ ವೈರಿನ ಸುರುಳಿ — ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ತನ್ನದೇ ಮೈಕ್ ಸೆಟ್ ಅಂಗಡಿಯಲ್ಲಿ, ಹೀಗೆ ಬೆಚ್ಚುವುದೇ. ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್ ಇಟ್ಟು ನಟ್ಟನಡುವೆ ಅವನನ್ನು ಕೂರಿಸಿ ಹೋದವಳು ಮೇಘಶ್ರೀ, ತಂಗಿಯ ಮೊಮ್ಮಗಳು, ದಾವಣಗೆರೆಯಲ್ಲಿ ರೆಕಾರ್ಡಿಂಗ್ ಕೆಲಸ ಮಾಡುವವಳು, ಒಂದೇ ಆಲ್ಬಮ್ಮು, ಮೂರು ಥರ ಮಿಕ್ಸ್ ಐತೆ ಅಜ್ಜ, ಯಾವುದು ಹೊರಗೆ ಬರಬೇಕು ನೀನೇ ಹೇಳು, ಹಿಡಿದೋನು ನೀನು, ಮಧ್ಯಾಹ್ನ ಫೋನ್ ಮಾಡ್ತೀನಿ. ಮಧ್ಯಾಹ್ನಕ್ಕೆ ಇನ್ನೆಷ್ಟು ಹೊತ್ತು, ಬೀದಿಯಲ್ಲಿ ಬಿಸಿಲು ಆಗಲೇ ಎದುರಿನ ಕಟ್ಟೆಗೆ ಬಂದಿದೆ. ಬೀರಲಿಂಗಪ್ಪನವರ ತತ್ವಪದಗಳು, ಎಂಬತ್ಮೂರರಲ್ಲಿ ರುದ್ರಮುನಿಯೇ ಟೇಪಿಗೆ ಹಿಡಿದದ್ದು, ಈ ಸೀಮೆಯಲ್ಲಿ ಅದು ಹಾಡದ ಹೋಟೆಲಿಲ್ಲ, ಬಸ್ಸಿಲ್ಲ, ಚನ್ನಗಿರಿ ಬಿಟ್ಟ ಬಸ್ಸು ಬಸವಾಪಟ್ಟಣ ಮುಟ್ಟುವಷ್ಟರಲ್ಲಿ ಒಂದು ಬದಿ ಮುಗಿದು ಕಂಡಕ್ಟರು ಕ್ಯಾಸೆಟ್ ತಿರುವಿ ಹಾಕುತ್ತಿದ್ದ. ಈಗ ಕೇಳುತ್ತಿರುವುದು ಮೊದಲನೆಯ ಮಿಕ್ಸ್, ರುದ್ರಮುನಿಯದೇ, ನಾಲ್ಕು ಕಂಬಕ್ಕೆ ನಾಲ್ಕು ಹಾರ್ನ್ ಕಟ್ಟಿ ಕೇಳಿಸಲೆಂದು ಮಾಡಿದ್ದು, ಮುಂದೆ ಎಡಕ್ಕೆ ಬೀರಲಿಂಗಪ್ಪ, ಮುಂದೆ ಬಲಕ್ಕೆ ಏಕತಾರಿ, ಹಿಂದೆ ಬಲಕ್ಕೆ ದುರುಗಪ್ಪನ ದಮ್ಮಡಿ, ಹಿಂದೆ ಎಡಕ್ಕೆ ಅವಳು, ಜೊತೆಗೆ ಹಾಡಿದ ತಿಪ್ಪಮ್ಮ. ಮುಂಬಯಿಯ ಸಿನಿಮಾದವರು ಮಾರಿದ ನಾಲ್ಕು ಟ್ರ್ಯಾಕಿನ ಯಂತ್ರ, ನಾಲ್ಕು ದನಿಯನ್ನು ಬೇರೆಬೇರೆಯಾಗಿ ಹಿಡಿಯುವಂಥದ್ದು, ತಂದು ಅಡಿಕೆ ಮಂಡಿಯ ಗೋದಾಮಿನಲ್ಲಿ ಹಿಡಿದಿದ್ದ, ಚೀಲಗಳು ಮಾರ್ದನಿಯನ್ನು ನುಂಗುತ್ತವೆ, ಹಾಡುವವರ ನಡುವೆಯೂ ತಲೆಮಟ್ಟ ಚೀಲ ಪೇರಿಸಿ ಗೋಡೆ, ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ನುಸುಳಬಾರದು, ಎಂಥ ಉಪಾಯವಪ್ಪ ನಿಂದು ಎಂದು ಮಂಡಿಯವರೇ ಬೆನ್ನು ತಟ್ಟಿದ್ದರು. ಬೀರಲಿಂಗಪ್ಪ ಒಂದು ಸಾಲು ಕೇಳುತ್ತಾನೆ, ತಿಪ್ಪಮ್ಮ ಒಂದು ಸಾಲು ಉತ್ತರ ಕೊಡುತ್ತಾಳೆ, ಹಾಡಿನ ಕಟ್ಟೇ ಹಾಗೆ. ಬಯಲಿನಲ್ಲಿ ಹೆಂಗಸರು ಕೂರುವುದು ಹಿಂದೆ, ಹೆಣ್ಣುದನಿ ಅವರಿಗೆ ಹತ್ತಿರ ಕೇಳಲಿ ಎಂದು ರುದ್ರಮುನಿಯೇ ಅವಳನ್ನು ಹಿಂದಿನ ಹಾರ್ನಿಗೆ ಹಾಕಿದ, ಒಳ್ಳೆಯದಕ್ಕೇ ಹಾಕಿದ, ಅದಂತೂ ಸತ್ಯ. ನ್ಯಾಮತಿಯ ಶಾಲೆ ಬಯಲಲ್ಲಿ ಸಂಜೆ ಟೇಪು ಹಚ್ಚಿದಾಗ ಊರೆಲ್ಲ ಮುಂದಕ್ಕೆ ಮುಖ ಮಾಡಿ ಕೂತಿತ್ತು, ಜಮಖಾನದ ಹಿಂತುದಿಯಲ್ಲಿ ಅವಳೊಬ್ಬಳು ಎದ್ದು ತಿರುಗಿ, ವೇದಿಕೆಗೆ ಬೆನ್ನು ಕೊಟ್ಟು, ಹಿಂದಿನ ಕಂಬಕ್ಕೆ ಎದುರಾಗಿ ಕೂತಳು, ಹಸಿರು ಸೀರೆ, ಬೆವರಿಗೆ ಒದ್ದೆಯಾದ ಕುಪ್ಪಸದ ಬೆನ್ನು.

ಎರಡನೆಯದು ಹಾಕಿದ. ಇದು ಬೀರಲಿಂಗಪ್ಪನ ಮಗ ರಘುನಾಥ ಮಾಡಿಸಿದ್ದು, ಹಳೇ ಕ್ಯಾಸೆಟ್ಟಿನಿಂದ ತೆಗೆದು ನಾಲ್ಕಕ್ಕೂ ಹರಡಿದ್ದು, ಮುಂದೆ ಅಪ್ಪನ ದನಿ ಕಂಚಿನ ಹಾಗೆ, ಹಿಂದಿನ ಎರಡರಲ್ಲೂ ಅದೇ ದನಿಯ ಮಾರ್ದನಿ, ಗುಹೆಯಲ್ಲಿ ಕೂತಂತೆ — ಒಂದು ಸಾಲು, ಆಮೇಲೆ ಖಾಲಿ, ಏಕತಾರಿಯೊಂದೇ ಮಿಡಿಯುತ್ತದೆ, ಮತ್ತೊಂದು ಸಾಲು, ಮತ್ತೆ ಖಾಲಿ. ಆ ಮೌನಕ್ಕೇ ಅಪ್ಪಾಜಿ ಹೆಸರಾಗಿದ್ದು ಮಾವ, ಅದನ್ನ ಮುಟ್ಟಬ್ಯಾಡ್ರಿ, ಎಂದಿದ್ದ ರಘುನಾಥ ಮೊನ್ನೆ, ಕೈ ಹಿಡಿದುಕೊಂಡು, ಪಾಪ ಅವನಿಗೇನು ಗೊತ್ತು. ಎಂಬತ್ಮೂರರಲ್ಲಿ ಕ್ಯಾಸೆಟ್ ಕಂಪನಿಯವನು ಜೀಪು ನಿಲ್ಲಿಸಿಕೊಂಡು ಕಾಯುತ್ತಿದ್ದ, ಕ್ಯಾಸೆಟ್ಟಿಗೆ ಎರಡೇ ಟ್ರ್ಯಾಕ್ ಸಾಕ್ರೀ, ಎಡ ಒಂದು ಬಲ ಒಂದು, ನಾಲ್ಕನ್ನೂ ಬೆರೆಸಿ ಎರಡು ಮಾಡಿಕೊಡಬಹುದಿತ್ತು, ಅರ್ಧ ದಿನದ ಕೆಲಸ, ಆದರೆ ಅಂದು ಹೊನ್ನಾಳಿಯಲ್ಲೊಂದು ಮದುವೆಗೆ ಮೈಕ್ ಒಪ್ಪಿಕೊಂಡಿದ್ದ, ಹೊತ್ತಾಗುತ್ತಿತ್ತು, ಮುಂದಿನ ಎರಡು ಟ್ರ್ಯಾಕನ್ನಷ್ಟೇ ಇಳಿಸಿ ಕೊಟ್ಟು ಕಳಿಸಿದ, ತಿಪ್ಪಮ್ಮನ ದನಿ, ದಮ್ಮಡಿ ಹಿಂದೆಯೇ ಉಳಿದವು. ಯಾರ ಕುತಂತ್ರವೂ ಅಲ್ಲ, ಜಾತಿ ಅಲ್ಲ, ಬೀರಲಿಂಗಪ್ಪನ ಹೊಟ್ಟೆಕಿಚ್ಚೂ ಅಲ್ಲ, ಅರ್ಧ ದಿನ. ಹಾಡು ಹೊರಬಿದ್ದ ಮೇಲೆ ಜನ ತಲೆದೂಗಿದರು, ಪ್ರಶ್ನೆ ಕೇಳಿ ಸುಮ್ಮನಾಗ್ತಾರಲ್ಲ, ಉತ್ತರ ನಮ್ಮೊಳಗೇ ಹುಡುಕಿಕೊಳ್ಳಲಿ ಅಂತ, ಬೀರಲಿಂಗಪ್ಪ ಮೊದಮೊದಲು ಮುಜುಗರಪಟ್ಟ, ಆಮೇಲಾಮೇಲೆ ಸಭೆಗಳಲ್ಲೂ ಹಾಗೇ ನಿಲ್ಲಿಸಿ ನಿಲ್ಲಿಸಿ ಹಾಡತೊಡಗಿದ, ಹೊನ್ನಾಳಿಯಲ್ಲಿ ಅವನಿಗೂ ರುದ್ರಮುನಿಗೂ ಶಾಲು ಹೊದಿಸಿದರು, ಆ ಮೌನ ಹೆಂಗೆ ಹಿಡಿದ್ರಿ ಎಂದು ಯಾರೋ ಮೇಷ್ಟ್ರು ಕೇಳಿದಾಗ ರುದ್ರಮುನಿ ನಕ್ಕ, ಅಷ್ಟೇ, ನಕ್ಕು ಕೈಮುಗಿದ. ಆ ಶಾಲು ಇನ್ನೂ ಬೆಚ್ಚಗಿದೆ. ಕ್ಯಾಸೆಟ್ಟಿಗೆ ಮೊದಲು, ನ್ಯಾಮತಿಯ ಆ ಸಂಜೆ, ಅವನು ವೇದಿಕೆ ಬಿಟ್ಟು ತಿಪ್ಪಮ್ಮನ ಹಿಂದೆ ಬಂದು ನಿಂತಿದ್ದ, ಹಾರ್ನ್ ಸರಿಯಾಗಿ ಕೂಗುತ್ತಿದೆಯೇ ನೋಡಲು, ಯಾರು ಬಂದರೆಂದು ಹೆಜ್ಜೆಯಲ್ಲೇ ತಿಳಿಯಿತೇನೋ, ತಿರುಗದೆಯೇ ಕೇಳಿದಳು, ರುದ್ರಣ್ಣ, ಕ್ಯಾಸೆಟ್ನಾಗೂ ನಾನು ಬರ್ತೀನಲ್ಲ. ಬರದೆ ಎಲ್ಲಿ ಹೋಗ್ತೀಯವ್ವ. ಹಸಿರು ಸೀರೆ, ಒದ್ದೆ ಬೆನ್ನು, ತೊಡೆಯ ಮೇಲೆ ತಾಳ ತಟ್ಟುವ ಅಂಗೈ. ಕ್ಯಾಸೆಟ್ ಬಂತು, ಅವಳು ಮತ್ತೆ ಚನ್ನಗಿರಿ ಕಡೆ ಬರಲಿಲ್ಲ, ಹಾಡುವುದನ್ನೇ ಬಿಟ್ಟಳು ಎಂದು ದುರುಗಪ್ಪ ಒಮ್ಮೆ ಹೇಳಿದ, ಈಗ ದುರುಗಪ್ಪನೂ ಇಲ್ಲ, ಬೀರಲಿಂಗಪ್ಪನೂ ಇಲ್ಲ.

ಮೂರನೆಯದು ಮೇಘಶ್ರೀಯದು, ಮೊದಲನೆಯದರಂತೆ ಇದೂ ಹಳೇ ಮೂಲ ಟೇಪನ್ನು ಅಂಟದ ಹಾಗೆ ಒಲೆಯ ಹದದಲ್ಲಿ ಒಣಗಿಸಿ ಕಂಪ್ಯೂಟರಿಗೆ ಎಳೆದದ್ದಂತೆ, ಮುಂದೆ ಎಡಕ್ಕೆ ಬೀರಲಿಂಗಪ್ಪ, ಮುಂದೆ ಬಲಕ್ಕೆ ತಿಪ್ಪಮ್ಮ, ವಾದ್ಯಗಳೆರಡೂ ಹಿಂದೆ — ಅವನು ಕೇಳಿದ, ಅವಳು ಅಂದಳು, ಅವನು ಕೇಳಿದ, ಅವಳು, ಅಯ್ಯೋ, ಶ್ರುತಿ ಹಿಡಿದವಳು ಅವಳು, ಪ್ರತಿ ಸಾಲಿನ ಕೊನೆಗೆ ಒಂದು ಕೂದಲೆಳೆ ಜಾರುವ ಬೀರಲಿಂಗಪ್ಪನನ್ನು ಅವಳೇ ಎತ್ತಿ ತಂದು ಜಾಗಕ್ಕೆ ಕೂರಿಸುತ್ತಿದ್ದಾಳೆ, ಎದುರಲ್ಲಿಟ್ಟರೆ ಎಷ್ಟು ಸಲೀಸಾಗಿ ಕೇಳುತ್ತದೆ, ನಲವತ್ತು ವರ್ಷ ಟೇಪು ಮೇಲಿನ ಅಟ್ಟದಲ್ಲೇ ಇತ್ತು, ಏಣಿ ಹಾಕಿದ್ದರೆ ಸಾಕಿತ್ತು. ಫೋನು ಬಡಿದುಕೊಂಡಿತು, ಮೇಘಶ್ರೀ. ಯಾವುದು ಅಜ್ಜ. ಮೂರನೇದು. ರಘುನಾಥ ಮಾವ ಜಗಳ ತೆಗೀತಾರೆ ನೋಡು. ತೆಗೀಲಿ, ಅದು ಮೌನ ಅಲ್ಲ, ನಾನು ಮಾಡಿದ ತಪ್ಪು ಅಂತ ನಾನೇ ಹೇಳ್ತೀನಿ, ಅವನ ಮನೆಗೇ ಹೋಗಿ ಹೇಳ್ತೀನಿ. ಆ ಕಡೆ ಅವಳು ಕಾಗದ ಸರಿಸಿದ ಸದ್ದು. ಮತ್ತೆ ಕವರಿನ ಮೇಲೆ ಹೆಸರು ಹಾಕಬೇಕಲ್ಲ, ನಿನ್ನ ಟೇಪಿನ ಡಬ್ಬಿ ಮೇಲೆ ಹಿಂದೆ, ಎಡಕ್ಕೆ, ಹೆಣ್ಣು ಅಂತಷ್ಟೇ ಬರೆದಿದೀಯ. ತಿಪ್ಪಮ್ಮ. ಯಾವ ತಿಪ್ಪಮ್ಮ, ತಂದೆ ಹೆಸರು, ಊರು. ಜಗಳೂರು ಕಡೆಯೋಳು. ಜಗಳೂರು ಕಡೆ ಕೇರಿಗೆ ಹತ್ತು ತಿಪ್ಪಮ್ಮ ಸಿಗ್ತಾರೆ ಅಜ್ಜ, ನಾಳೆ ನಾನೇ ಹೋಗಿ ಹುಡುಕ್ತೀನಿ, ನೋಡಾಕೆ ಹೆಂಗಿದ್ರು ಅದನ್ನಾದ್ರೂ ಹೇಳು. ಹೇಳ್ತೀನಿ, ತಡಿ, ಹೇಳ್ತೀನಿ — ಗೋದಾಮಿನಲ್ಲಿ, ಚೀಲದ ಗೋಡೆಯ ಆಚೆ ಅವಳ ತುರುಬಿನ ತುದಿಯಷ್ಟೇ ಕಾಣುತ್ತಿತ್ತು, ಬಸ್ಸಿಳಿದು ಬಂದಾಗ ಸೆರಗು ಮುಂದಕ್ಕೆ ಎಳೆದಿದ್ದಳು, ಅವನು ವೈರು ನೋಡುತ್ತಿದ್ದ, ಯಾವಾಗಲೂ ವೈರನ್ನೇ ನೋಡುತ್ತಿದ್ದ, ಮೂಗುತಿ ಇತ್ತೇ, ಕಣ್ಣು ಹೇಗಿತ್ತು, ಅಜ್ಜ, ಕೇಳ್ತೈತಾ, ಮುಖ, ಮುಖ ಹೇಗಿತ್ತು — ಹಸಿರು ಸೀರೆ, ಒದ್ದೆ ಕುಪ್ಪಸ, ಕಂಬದ ಕಡೆ ತಿರುಗಿದ ಬೆನ್ನು, ಬೆನ್ನು, ಬರೀ ಬೆನ್ನು