ನಾಲ್ಕು ನಿಮಿಷ ನಲವತ್ತು ಸೆಕೆಂಡ್

ಕೆ.ಆರ್. ನಗರದಲ್ಲಿ 1987ರಿಂದ 1996ರವರೆಗೆ ಏಳು ಡಾನ್ಸ್ ಕ್ಲಬ್‌ಗಳಿದ್ದವು. ಕ್ಲಬ್ ಎಂದರೆ ಕಟ್ಟಡವಲ್ಲ. ಎಂಟು ಹತ್ತು ಹುಡುಗರು, ಒಂದು ಟೇಪ್ ರೆಕಾರ್ಡರ್, ಎಲ್ಲರ ತಲೆಗೂ ಒಂದೇ ಬಣ್ಣದ ಪಟ್ಟಿ. ಗಣೇಶನ ಪೆಂಡಾಲುಗಳಲ್ಲಿ, ಹುಣಸೂರು, ಪಿರಿಯಾಪಟ್ಟಣದ ಸ್ಪರ್ಧೆಗಳಲ್ಲಿ ಬ್ರೇಕ್ ಡಾನ್ಸ್ ಮಾಡುತ್ತಿದ್ದರು. ಮನೆಮನೆಗೆ ಕೇಬಲ್ ಬಂದ ಮೇಲೆ ನೋಡುವವರು ಕಡಿಮೆಯಾದರು. ಕೊನೆಯ ಕ್ಲಬ್ ನಿಂತದ್ದು ಯಾವ ತಿಂಗಳಲ್ಲಿ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಆ ಏಳು ಕ್ಲಬ್‌ಗಳ ಹಳಬರ ಕೂಟ ನಡೆದದ್ದು 2006ರ ನವೆಂಬರ್ 19, ಭಾನುವಾರ ಸಂಜೆ, ಸ್ಟೇಷನ್ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ. ಏರ್ಪಡಿಸಿದವನು ಗೌರೀಶ್, ಅಕ್ಕಿ ಗಿರಣಿಯ ಮಾಲೀಕ, ಒಂದು ಕಾಲಕ್ಕೆ ಲೈಟ್ನಿಂಗ್ ಡಾನ್ಸ್ ಕ್ಲಬ್‌ನ ನಾಯಕ. ಕರೆಯೋಲೆಯಲ್ಲಿ ಐವತ್ತೆರಡು ಹೆಸರುಗಳಿದ್ದವು. ಅದೇ ಕ್ಲಬ್‌ನ ಧರ್ಮೇಂದ್ರನ ಹೆಸರು ಇರಲಿಲ್ಲ. ಅವನು ಬಂದದ್ದು ವಿಡಿಯೊ ತೋರಿಸುವವನಾಗಿ. ಸಾಲಿಗ್ರಾಮದಲ್ಲಿ ಅವನದೊಂದು ವಿಡಿಯೊ ಅಂಗಡಿಯಿತ್ತು. ಹಳೆಯ ಟೇಪುಗಳನ್ನು ಸಿ.ಡಿ.ಗೆ ಇಳಿಸುವವರು ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ.

ಧರ್ಮೇಂದ್ರನನ್ನು ಕ್ಲಬ್‌ನಿಂದ ಹೊರಗೆ ಹಾಕಿದ್ದು 1993ರ ಫೆಬ್ರುವರಿಯಲ್ಲಿ. ಮೈಸೂರಿನಲ್ಲಿ ತಾಲ್ಲೂಕು ತಂಡಗಳ ಅಂತಿಮ ಸ್ಪರ್ಧೆಯಿತ್ತು. ಬೇರೆ ಬೇರೆ ಹಾಡುಗಳ ತುಂಡುಗಳನ್ನು ಸೇರಿಸಿ ಸಂಗೀತದ ಕ್ಯಾಸೆಟ್ ತಯಾರಿಸಿದ್ದವನು ಧರ್ಮೇಂದ್ರ. ಅದನ್ನು ವೇದಿಕೆಗೆ ಕೊಟ್ಟವನೂ ಅವನೇ. ಸಂಗೀತ ಶುರುವಾದಾಗ ಅದು ಅಭ್ಯಾಸದಲ್ಲಿ ಕೇಳಿದ್ದಕ್ಕಿಂತ ವೇಗವಾಗಿತ್ತು. ಎರಡು ನಿಮಿಷ ಹೇಗೋ ತೂಗಿಸಿದರು. ಕೆಳಗಿನವರು ಭುಜ ಸರಿಮಾಡಿಕೊಳ್ಳುವ ಮೊದಲೇ ಮಿರ್ಲೆಯ ಲಿಂಗರಾಜು ಮೂರಾಳಿನ ಗೋಪುರದ ತುದಿಗೆ ಜಿಗಿಯಬೇಕಾಯಿತು. ಬಿದ್ದ. ಬಲಮಂಡಿ ಒಡೆಯಿತು. ಅಂದು ಗೆದ್ದದ್ದು ಹುಣಸೂರಿನ ತಂಡ. ಹಿಂದಿನ ವಾರ ಧರ್ಮೇಂದ್ರ ನೆಂಟರ ಮನೆಗೆಂದು ಹುಣಸೂರಿಗೆ ಹೋಗಿದ್ದ. ಕ್ಯಾಸೆಟ್ ಬದಲಾಯಿಸಿದ ಎಂದು ಹೇಳಲು ಅಷ್ಟು ಸಾಕಾಯಿತು. ಅವನ ಬಳಿ ಇನ್ನೊಂದು ಪ್ರತಿಯಿತ್ತು. ಹಾಕಿ ತೋರಿಸಿದ, ಅದೂ ವೇಗವಾಗಿಯೇ ಓಡಿತು. ಅದೂ ಕಳ್ಳ ಕ್ಯಾಸೆಟ್ಟೇ ಎಂದರು. ಹದಿಮೂರು ವರ್ಷಗಳಿಂದ ಪೇಟೆಯಲ್ಲಿ ಅವನ ಹೆಸರು ಕ್ಯಾಸೆಟ್ ಧರ್ಮ. ಲಿಂಗರಾಜು ಅವನೊಂದಿಗೆ ಮಾತಾಡಿರಲಿಲ್ಲ.

ಕೂಟಕ್ಕೆ ಮೂರು ವಾರ ಮುಂಚೆ ಗೌರೀಶ್ ಒಂದು ಟೇಪ್ ಕಳಿಸಿದ. ಮದುವೆಗಳ ವಿಡಿಯೊ ಮಾಡುತ್ತಿದ್ದ ಷಣ್ಮುಖಪ್ಪ ಹೊಸ ಕ್ಯಾಮೆರಾ ಪರೀಕ್ಷಿಸಲು 1993ರ ಜನವರಿಯಲ್ಲಿ ಗಿರಣಿಯ ಅಂಗಳಕ್ಕೆ ಬಂದಿದ್ದ. ಕ್ಲಬ್‌ನ ಅಭ್ಯಾಸವನ್ನು ಮೊದಲಿನಿಂದ ಕೊನೆಯವರೆಗೆ ತೆಗೆದಿದ್ದ. ಸಿ.ಡಿ.ಗೆ ಇಳಿಸುವಾಗ ಧರ್ಮೇಂದ್ರನಿಗೆ ಸಂಗೀತ ಎಳೆದಂತೆ ಕೇಳಿಸಿತು. ಮೊಬೈಲಿನಲ್ಲಿ ಅಳೆದ. ಐದು ನಿಮಿಷ ಹದಿನೆಂಟು ಸೆಕೆಂಡ್. ತನ್ನ ಹಳೆಯ ಪ್ರತಿಯನ್ನು ಕರೆಂಟಿನ ಟೇಪ್ ಡೆಕ್ಕಿಗೆ ಹಾಕಿ ಅಳೆದ. ನಾಲ್ಕು ನಿಮಿಷ ನಲವತ್ತು ಸೆಕೆಂಡ್. ಇನ್ನೆರಡು ಸಲ ಅಳೆದರೂ ಅಷ್ಟೇ ಬಂತು.

ಕೂಟದ ದಿನ ಅವನು ಮಂಟಪಕ್ಕೆ ಐದೂವರೆಗೇ ಹೋದ. ಕಾರ್ಯಕ್ರಮವಿದ್ದದ್ದು ಏಳಕ್ಕೆ. ಟೀವಿ, ಸ್ಪೀಕರ್ ಜೋಡಿಸಿದ. ಹೊಟ್ಟೆ ಬಂದ, ಕೂದಲು ಹೋದ ಗಂಡಸರು ಒಬ್ಬೊಬ್ಬರಾಗಿ ಬಂದರು. ಕೆಲವರು ಹಳೆಯ ಪಟ್ಟಿ ಹುಡುಕಿ ತಂದು ಹಣೆಗೆ ಕಟ್ಟಿಕೊಂಡಿದ್ದರು. ಒಬ್ಬ ನೆಲಕ್ಕೆ ಕೂತು ತಿರುಗಲು ಹೋಗಿ, ಏಳಲಾರದೆ, ಇಬ್ಬರ ಕೈ ಹಿಡಿದು ಎದ್ದ. ಎಲ್ಲರೂ ನಕ್ಕರು. ಧರ್ಮೇಂದ್ರನ ಕಡೆ ಕೆಲವರು ತಲೆಯಾಡಿಸಿದರು, ಅಷ್ಟೇ.

ಲಿಂಗರಾಜು ಹೆಂಡತಿ ಶಾಂತಲಾಳೊಂದಿಗೆ ಆರು ಗಂಟೆಗೆ ಬಂದ. ಬಲಗಾಲು ಮಡಚುತ್ತಿರಲಿಲ್ಲ. ಗೌರೀಶನ ಗಿರಣಿಯಲ್ಲೇ ಅವನಿಗೆ ಚೀಲ ತೂಗಿಸುವ ಕೆಲಸ. ಅವಳು ಹೆಂಗಸರ ಕಡೆ ಹೋದ ಮೇಲೆ ಧರ್ಮೇಂದ್ರ ಅವನನ್ನು ವೇದಿಕೆಯ ಪಕ್ಕದ ಕೋಣೆಗೆ ಕರೆದ. ಬರಲಿಕ್ಕಿಲ್ಲ ಅಂದುಕೊಂಡಿದ್ದ. ಬಂದ.

ಚಿಕ್ಕ ಟೀವಿಯಲ್ಲಿ ಅಭ್ಯಾಸದ ವಿಡಿಯೊ ಹಾಕಿ, ಧರ್ಮೇಂದ್ರ ಎರಡೂ ಲೆಕ್ಕಗಳನ್ನು ಹೇಳಿದ. ಆಗ ಸಂಜೆ ನಾಲ್ಕರಿಂದ ಆರು ಕರೆಂಟ್ ಇರುತ್ತಿರಲಿಲ್ಲ; ಅಭ್ಯಾಸವೆಲ್ಲ ಬ್ಯಾಟರಿ ಸೆಲ್ಲಿನ ಮೇಲೆ. ಸೆಲ್ಲು ಇಳಿದಿತ್ತು, ಟೇಪು ನಿಧಾನ ಓಡುತ್ತಿತ್ತು, ಎಂಟು ಜನರೂ ನಿಧಾನದ ಕುಣಿತ ಕಲಿತರು. ಮೈಸೂರಿನಲ್ಲಿ ಕರೆಂಟಿಗೆ ಹಾಕಿದಾಗ ಅದು ಓಡಬೇಕಾದಷ್ಟೇ ಓಡಿತು.

"ಒಂದು ಮಾತ್ರ ನಂಗೆ ಅರ್ಥ ಆಗಿಲ್ಲ ಕಣೋ," ಎಂದ ಧರ್ಮೇಂದ್ರ. "ಗೌರೀಶ ಸೋಮವಾರ ಸೋಮವಾರ ಆರು ಹೊಸ ಸೆಲ್ಲು ಕೊಡ್ತಿದ್ದ. ಅಂಗಿದ್ರೂ ಯಾಕೆ ಇಳೀತು?"

ಲಿಂಗರಾಜು ಟೀವಿಯನ್ನೇ ನೋಡುತ್ತಿದ್ದ. ಅದರಲ್ಲಿ ಅವನು ಗೋಪುರದ ತುದಿಯಲ್ಲಿ ಕೈಬಿಟ್ಟು ನಿಂತಿದ್ದ.

"ಟೇಪ್ ರೆಕಾರ್ಡರ್ ಯಾರ ಮನೇಲಿ ಇರ್ತಿತ್ತು?" ಎಂದು ಕೇಳಿದ.

"ನಿಮ್ಮನೇಲಿ."

"ಮತ್ತೆ?"

ಆಮೇಲೆ ಅವನೇ ಹೇಳಿದ. ಮಿರ್ಲೆಯ ಅವರ ಮನೆಗೆ ಆಗ ಕರೆಂಟ್ ಇರಲಿಲ್ಲ. ತಾಯಿ ಚಿಕ್ಕಬೀರಮ್ಮ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುತ್ತಿದ್ದಳು; ಆ ವರ್ಷ ಕಾಲುವೆ ಏರಿಯ ಮೇಲೆ ಇಬ್ಬರಿಗೆ ಹಾವು ಕಚ್ಚಿತ್ತು. ಹೊಸ ಸೆಲ್ಲುಗಳು ಅವಳ ಟಾರ್ಚಿಗೆ ಹೋಗುತ್ತಿದ್ದವು. ಟಾರ್ಚಿನ ಹಳೆಯವನ್ನು ಹೆಂಚಿನ ಮೇಲೆ ಬಿಸಿಲಿಗೆ ಇಟ್ಟು, ಕಾದ ಮೇಲೆ ಟೇಪ್ ರೆಕಾರ್ಡರಿಗೆ ಹಾಕುತ್ತಿದ್ದ. ಬಿಸಿಲು ಕಂಡ ಸೆಲ್ಲು ಒಂದು ಸಂಜೆ ಎಳೆಯುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಹಾಡು ನಿಧಾನವಾಗುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ.

"ಯಾವಾಗ ಹೊಳೀತು?" ಎಂದ ಧರ್ಮೇಂದ್ರ.

"ಮೈಸೂರಲ್ಲಿ. ಹಾಡು ಸುರುವಾಗ್ತಿದ್ದಂಗೇ."

ಹೊರಗೆ ಯಾರೋ ಮೈಕ್ ಪರೀಕ್ಷಿಸುತ್ತಿದ್ದರು. ಧರ್ಮೇಂದ್ರ, ಹದಿಮೂರು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದ. ಆಸ್ಪತ್ರೆಯಿಂದ ಒಂದು ತಿಂಗಳ ಮೇಲೆ ಬಂದಾಗ ಎಲ್ಲ ತೀರ್ಮಾನವಾಗಿತ್ತು ಎಂದ ಲಿಂಗರಾಜು. ಗೌರೀಶ ಮನೆಗೇ ಬಂದು ಕೆಲಸ ಕೊಟ್ಟಿದ್ದ. ಶಾಂತಲಾಳ ಮನೆಯವರು ಹೆಣ್ಣು ಕೊಟ್ಟದ್ದೂ ಊರಿನ ಈ ಮಾತಿನ ಮೇಲೆಯೇ: ಯಾರದೋ ಮೋಸಕ್ಕೆ ಕಾಲು ಕಳಕೊಂಡ ಹುಡುಗ, ತಪ್ಪಿಲ್ಲದವನು.

"ವಿಡಿಯೊಗೆ ಸೌಂಡು ಹಾಕ್ಬೇಡ ಧರ್ಮ," ಎಂದ. "ಶಾಂತಲಂಗೂ ಗೊತ್ತಿಲ್ಲ. ಗೌರೀಶ ಕೇಳುದ್ರೆ, ನಾನು ಕೊಟ್ಟ ಸೆಲ್ಲು ಏನಾಯ್ತು ಅಂತಾನೆ ಮೊದ್ಲು ಕೇಳೋದು. ನಾಳೆ ನಾನು ಯಾವ ಮೊಕ ಇಟ್ಕೊಂಡು ಗಿರಣಿಗೆ ಹೋಗ್ಲಿ?"

"ಮತ್ತೆ ನಂದು?"

"ನೀನು ಆಗ್ಲೇ ಊರು ಬುಟ್ಟಾಯ್ತಲ್ಲ."

ಧರ್ಮೇಂದ್ರ ಮಾತು ಕೊಡಲಿಲ್ಲ. ಲಿಂಗರಾಜು ಊರುಗೋಲು ಊರಿಕೊಂಡು ಹೊರಗೆ ಹೋದ.

ಎಂಟು ಗಂಟೆಗೆ ವಿಡಿಯೊದ ಸರದಿ ಬಂತು. ಸುಮಾರು ಇನ್ನೂರು ಜನ ಕೂತಿದ್ದರು. ಧರ್ಮೇಂದ್ರ ಹೇಳಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದ, ಅಂಕಿಗಳು ತಪ್ಪಬಾರದೆಂದು. ಮೂರನೆಯ ಸಾಲಿನಲ್ಲಿ ಶಾಂತಲಾ ಗಂಡನ ಊರುಗೋಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವನ ಕುಣಿತವನ್ನು ಮೊದಲ ಬಾರಿಗೆ ನೋಡಲು ಕತ್ತು ಎತ್ತಿ ಕೂತಿದ್ದಳು. ಧರ್ಮೇಂದ್ರ ವಿಡಿಯೊ ಹಾಕಿ, ದನಿಯ ತಿರುಗಣೆಯನ್ನು ಸೊನ್ನೆಗೆ ತಂದ. ಪರದೆಯ ಮೇಲೆ ಎಂಟು ಹುಡುಗರು ಸದ್ದಿಲ್ಲದೆ ಕುಣಿದರು.

"ಸೌಂಡೂ ಕದ್ಬುಟ್ಟೇನ್ಲಾ ಕ್ಯಾಸೆಟ್ಟು?" ಎಂದು ಹಿಂದಿನಿಂದ ಯಾರೋ ಕೂಗಿದರು. ಮಂಟಪವೆಲ್ಲ ನಕ್ಕಿತು. ವೈರ್ ಹಾಳಾಗಿದೆ ಎಂದ ಧರ್ಮೇಂದ್ರ.

ಐದು ನಿಮಿಷ ಹದಿನೆಂಟು ಸೆಕೆಂಡ್ ಮುಗಿದ ಮೇಲೆ ಗೌರೀಶ್ ಲಿಂಗರಾಜುವನ್ನು ವೇದಿಕೆಗೆ ಕರೆಸಿ ಶಾಲು ಹೊದಿಸಿದ. ಎರಡು ಮಾತಾಡೆಂದು ಮೈಕ್ ಕೊಟ್ಟ. ಲಿಂಗರಾಜು ಕ್ಲಬ್ಬಿಗೆ, ಗಿರಣಿಗೆ ನಮಸ್ಕಾರ ಹೇಳಿದ. ಮೈಕ್ ವಾಪಸು ಕೊಡಲು ಹೋದವನು ಮತ್ತೆ ಹಿಡಿದುಕೊಂಡ.

"ಅವತ್ತು ಕ್ಯಾಸೆಟ್ ಬದಲಾಯಿಸ್ದೋನೂ ಇಲ್ಲೇ ಅವ್ನೆ," ಎಂದ. "ನಂಗೆ ಅವನ ಮೇಲೆ ಸಿಟ್ಟಿಲ್ಲ. ಇವತ್ತಿಗೆ ಕ್ಷಮಿಸಿದೀನಿ."

ಅಂದಿನ ಇಡೀ ಕಾರ್ಯಕ್ರಮದಲ್ಲಿ ಅತಿ ಹೆಚ್ಚು ಹೊತ್ತು ಚಪ್ಪಾಳೆ ಬಿದ್ದದ್ದು ಈ ಮಾತಿಗೆ. ಶಾಂತಲಾ ಕಣ್ಣು ಒರೆಸಿಕೊಂಡಳು. ಕೈ ಕುಲುಕಿಸಲೆಂದು ಇಬ್ಬರು ಹಳೆಯ ಗೆಳೆಯರು ಧರ್ಮೇಂದ್ರನನ್ನು ತೋಳು ಹಿಡಿದು ವೇದಿಕೆಗೆ ಹತ್ತಿಸಿದರು. ಲಿಂಗರಾಜು ಕೈ ಚಾಚಿದ. ಅವನು ಧರ್ಮೇಂದ್ರನ ಮುಖ ನೋಡಲಿಲ್ಲ. ಫೋಟೊದವನು ಇನ್ನೊಂದು ಸಲ ಎಂದ, ಮತ್ತೆ ಕುಲುಕಿದರು.