ಕೊನೆಯ ಪೀಪಾಯಿಯ ಹುಳಿ

ಸೌಟಿನಿಂದ ಇಳಿದ ಬಿಯರು ಹನಿಯಾಗಿ ಬೀಳದೆ, ಬೆಂಡೆಕಾಯಿಯ ಲೋಳೆಯ ಹಾಗೆ ಎಳೆಯಾಗಿ ಜೋಲಾಡಿತು. ಅದನ್ನು ಕಂಡು ನನಗೆ ಹಾಯೆನಿಸಿತು. ಇಷ್ಟು ವರ್ಷವಾದ ಮೇಲೆ ಒಪ್ಪಿಕೊಳ್ಳಲು ನಾಚಿಕೆಯೇನು?

ನಾನೂ ನನ್ನ ಅಣ್ಣ ಮಾಯಣ್ಣನೂ ಆ ಊರಿನಲ್ಲಿ ಹುಳಿ ಬಿಯರು ಮಾಡುತ್ತಿದ್ದೆವು. ಹೆಪ್ಪು ಹಾಕುವ ಪದ್ಧತಿ ನಮ್ಮಲ್ಲಿರಲಿಲ್ಲ. ಕುದಿಸಿದ ಬಾರ್ಲಿಯ ನೀರನ್ನು ಅಗಲ ಬಾಯಿಯ ಕೊಪ್ಪರಿಗೆಯಲ್ಲಿಟ್ಟು ಕಿಟಕಿ ತೆರೆದರೆ ಸಾಕು, ಗಾಳಿಯಲ್ಲಿದ್ದದ್ದೇ ಬಂದು ಸೇರಿ ಹುಳಿಯೆಬ್ಬಿಸುತ್ತಿತ್ತು. ಆಮೇಲೆ ಮರದ ಪೀಪಾಯಿಗೆ ತುಂಬಿ ಮೂರು ವರ್ಷ ಕಾಯುವುದು. ಇಪ್ಪತ್ತೆರಡು ವರ್ಷ ಹೀಗೆ ಕಾದು ಕಾದು ನನಗೆ ಸಾಕುಸಾಕಾಗಿತ್ತು. ಪೀಪಾಯಿ ಉರುಳಿಸಿ ಸೊಂಟ ಬಿದ್ದುಹೋಗಿತ್ತು, ಕುಡಿಯುವವರೂ ಕಡಿಮೆಯಾಗಿದ್ದರು.

ಆ ವರ್ಷ ಉಳಿದದ್ದು ಒಂದೇ ಪೀಪಾಯಿ. ಕಾಲು ಮುರಿದುಕೊಂಡು ಮಲಗಿದ್ದ ಅಣ್ಣ, "ಇದು ಚೆನ್ನಾಗಿ ಬಂದ್ರೆ ಮತ್ತೆ ಒಲೆ ಹಚ್ಚೋಣ. ಕೆಟ್ರೆ ಬಾಗಿಲು ಹಾಕ್ಬಿಡೋಣ ಕಣೋ" ಎಂದಿದ್ದ.

ಎರಡನೆಯ ವರ್ಷದಲ್ಲಿ ಬಿಯರು ಲೋಳೆಯಾಗುವುದುಂಟು. ಅದೊಂದು ಕಾಯಿಲೆ, ಮುಟ್ಟದೆ ಬಿಟ್ಟರೆ ತಾನಾಗಿಯೇ ವಾಸಿಯಾಗುತ್ತದೆ. ಇದನ್ನು ನನಗೆ ಕಲಿಸಿದವನೇ ಅಣ್ಣ. ಆದ್ದರಿಂದ ಲೋಳೆಯ ಮಾತೆತ್ತಲಿಲ್ಲ. ಮಂಚದ ಪಕ್ಕ ನಿಂತು, "ಪೂರ್ತಿ ವಿನೆಗರ್ ಆಗೋಗಿದೆ ಅಣ್ಣ" ಎಂದೆ. ವಿನೆಗರಾದದ್ದಕ್ಕೆ ಮದ್ದಿಲ್ಲ.

ಒಂದು ಲೋಟ ತಂದು ತೋರಿಸು ಎಂದು ಕೂಡ ಅವನು ಕೇಳಲಿಲ್ಲ. ಗೋಡೆಯ ಕಡೆ ತಿರುಗಿ, "ಚೆಲ್ಬಿಡು" ಎಂದ. ಚೆಲ್ಲಿದೆ. ಬಾಗಿಲು ಹಾಕಿದೆವು. ಆಮೇಲೆ ಒಂದು ವಾರ ನಾನು ಕಣ್ತುಂಬ ನಿದ್ದೆ ಮಾಡಿದೆ.

ಮರುವರ್ಷ ಹಬ್ಬಕ್ಕೆ ಮನೆ ತೊಳೆಯುವಾಗ ಅತ್ತಿಗೆ ದೇವೀರಮ್ಮ ಅಟ್ಟದಿಂದ ಒಂದು ಜಾಡಿ ಇಳಿಸಿದರು.

"ನೀನು ಚೆಲ್ಲೋವಾಗ ಒಂದು ಜಾಡಿ ಹಿಡಿದು ಮೇಣ ಹಚ್ಚಿ ಇಟ್ಟಿದ್ದೆ ಕಣಪ್ಪ, ಹಿತ್ತಾಳೆ ಪಾತ್ರೆ ಉಜ್ಜೋಕಾಗುತ್ತೆ ಅಂತ. ಮರ್ತೇ ಹೋಗಿತ್ತು ನೋಡು."

ಮುಚ್ಚಳ ತೆಗೆದದ್ದೇ ತಡ, ಹಳೆಯ ಕಂಬಳಿ, ಒಣಹುಲ್ಲು, ನೆನೆದ ಮರ, ಎಲ್ಲ ಸೇರಿದ ವಾಸನೆ ನಡುಮನೆಯನ್ನು ತುಂಬಿತು. ಅಣ್ಣ ಕೋಲೂರಿಕೊಂಡು ಎದ್ದು ಬಂದ. ಸೌಟು ಅದ್ದಿ ಎತ್ತಿ ಹಿಡಿದ. ಎಳೆಯಿರಲಿಲ್ಲ. ಜೇನಿನ ಬಣ್ಣದ ತಿಳಿಯಾದ ಹನಿಗಳು ಒಂದೊಂದಾಗಿ ಉದುರಿದವು. ನನಗೆ ಅಲ್ಲಿಂದ ಓಡಿಹೋಗಬೇಕೆನ್ನಿಸಿತು.

ಅವನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಆಮೇಲೆ ಸೌಟನ್ನು ನನ್ನತ್ತ ಚಾಚಿದ. ಮೊದಲು ಮಾವಿನಕಾಯಿಯ ಹುಳಿ ಹಲ್ಲನ್ನು ಚುಳ್ಳೆನಿಸಿತು. ಬೆನ್ನಿಗೇ ಮರದ ಒಗರು. ನುಂಗಿದ ಮೇಲೆ, ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುವಂಥ ಸಿಹಿ. ವಿನೆಗರಿನ ಸುಳಿವೇ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಕೈಯಿಂದ ಅಂಥದ್ದು ಒಮ್ಮೆಯೂ ಬಂದಿರಲಿಲ್ಲ.

"ಸಾಕಾಗಿದೆ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲೋ" ಎಂದ ಅಣ್ಣ.

ಅವನು ಬೈದಿದ್ದರೆ ಚೆನ್ನಾಗಿತ್ತು.

ಏನೂ ತಿಳಿಯದ ಅತ್ತಿಗೆ ಲೋಟ ತಂದಿಟ್ಟರು. ಅಣ್ಣ ನನ್ನ ಲೋಟಕ್ಕೇ ಮೊದಲು ಬಗ್ಗಿಸಿದ. ನಾನು ಲೋಟವನ್ನು ಹಿಂದಕ್ಕೆಳೆದುಕೊಳ್ಳಲು ಹೋದೆ. ಅವನು ಇನ್ನೊಂದು ಕೈಯಿಂದ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು, ಒಂದು ಹನಿಯನ್ನೂ ಚೆಲ್ಲದೆ, ಅಂಚಿನವರೆಗೂ ತುಂಬಿದ.