ಗೇಟಿನ ಹೊರಗಿನವರು

ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ನಾನು ಚೀಲ ತುಂಬುವ ಗುತ್ತಿಗೆ ಕೂಲಿ. ಪಾಳಿ ಮುಗಿಸಿ ಬಂದರೆ ರೆಪ್ಪೆಯ ಮೇಲೂ ಸಿಮೆಂಟು. ಧೂಳಿಗೆ ಮಾಸ್ಕ್ ಕೊಡಿ ಎಂದು ಇಪ್ಪತ್ತು ಮಂದಿ ಕೇಳಿದೆವು. ಮರುದಿನವೇ ನಮ್ಮ ಗೇಟ್ ಪಾಸ್ ರದ್ದಾಯಿತು. ನಮ್ಮ ಜಾಗಕ್ಕೆ ಜಾರ್ಖಂಡದ ಹುಡುಗರು ಬಂದರು.

ಗುತ್ತಿಗೆದಾರ ಉದಯಕುಮಾರನ ಮೇಲೆ ಸಿಟ್ಟು ಬರಬೇಕಿತ್ತು. ಆದರೆ ಅವನು ನಮ್ಮವನು, ಮದುವೆಗಳಲ್ಲಿ ಒಂದೇ ಪಂಕ್ತಿಯಲ್ಲಿ ಉಂಡವನು.

"ನಾ ಏನ್ ಮಾಡ್ಲೋ ಕಾಶೀನಾಥ? ಆ ಕರಿ ಮಂದಿ ನಿಮ್ಮ ಅನ್ನ ಕಸಗೊಂಡಾರ," ಎಂದ.

ನಂಬಿದೆ. ನಂಬುವುದರಲ್ಲಿ ನಾನು ಬಹಳ ಜಾಣ. ಕನ್ನಡಿಯಲ್ಲಿ ನನ್ನ ಹಲ್ಲಷ್ಟೇ ಹೊಳೆಯುತ್ತವೆ. ಆದರೂ ಕರಿಯರೆಂದರೆ ಅವರೇ.

ಚಹಾದಂಗಡಿಯ ಹಿರಿಯರೂ ಅದನ್ನೇ ಹೇಳಿದರು. ದಿನಾ ವಚನ ಓದುವ ನನ್ನವ್ವ ಗುರುದೇವಿ, "ಯಾವ ಕುಲದವರೋ ಏನೋ, ನಮ್ಮ ಕೊಡಾ ಮುಟ್ಟಗೊಡಬ್ಯಾಡ," ಎಂದಳು. ಅವಳ ವಚನಗಳಲ್ಲಿ ಒಂದೂ ನನಗೆ ಬಾಯಿಪಾಠವಿರಲಿಲ್ಲ. ಈ ಮಾತು ಒಂದೇ ಸಲಕ್ಕೆ ಬಂತು.

ರವಿವಾರ ಅವರನ್ನು ಹೊಡೆಯಲು ಹೊರಟೆವು. ನನ್ನ ಜೊತೆಗೇ ಕೆಲಸ ಕಳೆದುಕೊಂಡ, ಊರಾಚೆ ಕೇರಿಯ ರಾಜರತ್ನನನ್ನೂ ಅವ್ವನ ಮಾತು ಹೇಳಿ ಕರೆದೆ.

"ನಿಮ್ಮ ಕೊಡಾ ನಾನೂ ಮುಟ್ಟಿಲ್ಲಲ್ಲೋ," ಎಂದ ಅವನು. "ನನ್ನ ಯಾವಾಗ ಹೊಡಿತಿ?"

ಚೇಷ್ಟೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ, ಆದರೆ ಹಿಂದೆಯೇ ಬಂದ.

ಸ್ಟೇಷನ್ ರಸ್ತೆಯಲ್ಲಿ ಅವರಲ್ಲಿ ಒಬ್ಬನೇ ಸಿಕ್ಕ. ಹೆಸರು ಸುಖರಾಮ ಎಂದು ಆಮೇಲೆ ತಿಳಿಯಿತು. ಕಪಾಳಕ್ಕೆ ಬಾರಿಸಿದೆ. ಕೈಯಲ್ಲಿದ್ದ ಕೆಮ್ಮಿನ ಔಷಧಿ ಬಿದ್ದು ಒಡೆಯಿತು. ಮತ್ತೆ ಎತ್ತಿದ ನನ್ನ ಕೈಯನ್ನು ರಾಜರತ್ನ ಹಿಡಿದುಕೊಂಡು, ಅವನನ್ನು ಹಿಂದಿಯಲ್ಲಿ ಮಾತಾಡಿಸಿದ.

ವಾಡಿಯವರೆಲ್ಲ ಕೆಲಸ ಬಿಟ್ಟು ಪುಣೆಗೆ ಹೋಗಿದ್ದಾರೆಂದು ಹೇಳಿ ಉದಯಕುಮಾರ ಇವರನ್ನು ಕರೆತಂದಿದ್ದನಂತೆ. ಬಂದ ದಿನವೇ ಎಲ್ಲರ ಆಧಾರ್ ಕಾರ್ಡು ಇಸಿದುಕೊಂಡನಂತೆ. ಜೊತೆಯವನೊಬ್ಬ ಧೂಳಿಗೆ ಕೆಮ್ಮಿ ಮಲಗಿದ್ದಾನಂತೆ.

"ಹೊರಗೆ ಹೋದರೆ ಊರಿನವರು ಹೊಡೆಯುತ್ತಾರೆ ಎಂದು ಗುತ್ತಿಗೆದಾರ ಹೇಳುತ್ತಿದ್ದ," ಎಂದ ಸುಖರಾಮ. "ನಾವು ನಂಬಿರಲಿಲ್ಲ."

ಉದಯಕುಮಾರನ ಸುಳ್ಳನ್ನು ನಿಜ ಮಾಡಿಕೊಟ್ಟ ಶೂರ ನಾನೇ. ಅದಕ್ಕೂ ಕೂಲಿ ಕೊಡಲಿಲ್ಲ ಅವನು.

ರಾಜರತ್ನ ಅಂದೇ ಅವರ ಶೆಡ್ಡಿಗೆ ಹೋಗಿ ಮಾತಾಡಿದ. ಸೋಮವಾರ ಮುಂಜಾನೆ ಅವರೂ ನಾವೂ ಗೇಟಿನ ಮುಂದೆ ನಿಂತೆವು. ಕಾರ್ಡು ಕೊಡಿ, ಪಾಸ್ ಕೊಡಿ, ಎಲ್ಲರಿಗೂ ಮಾಸ್ಕ್ ಕೊಡಿ ಎಂದೆವು.

ಉದಯಕುಮಾರ ಹೊರಬಂದು ನನ್ನನ್ನೇ ನೋಡಿದ. "ಏನಲೇ, ಇವರು ಯಾವಾಗಿಂದ ನಿನ್ನ ಅಣತಮ್ಮರಾದ್ರು?"

"ನಿನ್ನಿ ನಾ ಹೊಡದಾಗಿಂದರಿ," ಎಂದೆ.

ನಮ್ಮವರೆಲ್ಲ ನಕ್ಕರು. ರಾಜರತ್ನ ಅದನ್ನು ಹಿಂದಿಯಲ್ಲಿ ಹೇಳಿದಾಗ ಅವರೂ ನಕ್ಕರು. ಸುಖರಾಮ ಮಾತ್ರ ನಗಲಿಲ್ಲ. ಅವನ ಕೆನ್ನೆ ಇನ್ನೂ ಊದಿತ್ತು. ಆದರೂ ಸಿಮೆಂಟಿನ ಲಾರಿಗಳಿಗೆ ಅಡ್ಡಲಾಗಿ, ನನ್ನ ಪಕ್ಕದಲ್ಲೇ ಕೂತ.